ಕಳೆದದ್ದನ್ನೂ ಕಾಯುವುದು

ಫೋಟೊ ಜೆಪೆಗ್ ಆಗುವಾಗ ಕಣ್ಣು ಅಷ್ಟಾಗಿ ಗಮನಿಸದ ವಿವರಗಳನ್ನು ಬಿಟ್ಟುಕೊಟ್ಟೇ ಚಿಕ್ಕದಾಗುತ್ತದೆ. ಅದೇ ಕಡತವನ್ನು ಜೆಪೆಗ್ ಎಕ್ಸ್‌ಎಲ್ ಕ್ರಮದಲ್ಲಿ ಮತ್ತೆ ಕುಗ್ಗಿಸಿದರೆ ಗಾತ್ರ ಸುಮಾರು ಐದರಲ್ಲೊಂದು ಪಾಲು ಇಳಿಯುತ್ತದೆ. ಬೇಕೆಂದಾಗ ಒಂದೇ ಒಂದು ಬಿಟ್ ಬದಲಾಗದೆ ಹಳೆಯ ಜೆಪೆಗ್ ಮರಳಿ ಬರುತ್ತದೆ. 'ನಷ್ಟವಿಲ್ಲದ' ಕ್ರಮ ಎನ್ನುತ್ತಾರೆ. ಯಾವ ನಷ್ಟ? ಎರಡನೆಯ ಸಲದ್ದು ಮಾತ್ರ. ಮೊದಲ ಸಲ ಹೋದದ್ದು ಹೋದಂತೆಯೇ ಉಳಿಯುತ್ತದೆ.

ಇಂಥ ನಿಷ್ಠೆಗೆ ಬೆಲೆಯಿದೆಯೇ? ಮೂಡಬಿದಿರೆಯ ಬಸದಿಯಲ್ಲಿ ಶತಮಾನಗಳ ಕಾಲ ಕಾಪಾಡಿದ ಧವಲಾ ತಾಳೆಗರಿಗಳು ನೆನಪಾಗುತ್ತವೆ. 1939ರಲ್ಲಿ ಆ ಗ್ರಂಥ ಅಚ್ಚಾಗತೊಡಗಿದಾಗ ಸಂಪಾದಕ ಹೀರಾಲಾಲ್ ಜೈನರ ಮುಂದಿದ್ದುದು ಗರಿಗಳಲ್ಲ, ಪ್ರತಿಯ ಪ್ರತಿಗಳು. 93ನೆಯ ಸೂತ್ರದಲ್ಲಿ 'ಸಂಜದ' ಎಂಬ ಪದ ಬಿಟ್ಟುಹೋಗಿದೆ ಎಂದು ಅವರಿಗೆ ತೋರಿತು. 'ಸಂಜದ' ಎಂದರೆ ಸಂಯತ, ಮುನಿಯ ಸಂಯಮವುಳ್ಳ ಜೀವ. ಸೂತ್ರವೋ ಮನುಷ್ಯಸ್ತ್ರೀಯರನ್ನು ಕುರಿತದ್ದು. ದಿಗಂಬರರಲ್ಲಿ ವಾದ ಜೋರಾಗಿಯೇ ನಡೆಯಿತು. ಅವರು ಪದವನ್ನು ಸೂತ್ರದೊಳಗೆ ತೂರಿಸದೆ ಅಡಿಟಿಪ್ಪಣಿಯಲ್ಲಿ ಸೂಚಿಸಿದ್ದರು. ಮುಂದೆ ಮೂಡಬಿದಿರೆಯ ಗರಿಯಲ್ಲಿ ಆ ಪದ ಸಿಕ್ಕಿತು.

ಅವರ ಊಹೆ ಸರಿಯಾಗಿತ್ತು ನಿಜ. ನನಗೆ ದೊಡ್ಡದೆನಿಸುವುದು ಅದಲ್ಲ, ಊಹೆಯನ್ನು ಊಹೆಯೆಂದೇ ಬೇರೆ ಇಟ್ಟದ್ದು. ಮಸುಕಾದ ಅಕ್ಷರವನ್ನು ಕೇಳದೆಯೇ ತಿದ್ದಿಕೊಡುವ ಇಂದಿನ ಫೋನಿಗೆ ಈ ಸಂಕೋಚವಿಲ್ಲ. ಕೊರತೆಯನ್ನು ಕೊರತೆಯಾಗಿಯೇ ಮರಳಿಸುವ ಕಡತ, ಮೂಲವನ್ನು ಹುಡುಕಿ ಹೋಗಲು ದಾರಿಯನ್ನಾದರೂ ತೆರೆದಿಡುತ್ತದೆ.

ಹುಡುಕಿ ಹೋದವರಿಗೆ ಮೂಲ ಅಲ್ಲಿರಬೇಕಲ್ಲ! ಕುಗ್ಗಿಸಿದ್ದನ್ನು ಒಮ್ಮೆ ಬಿಚ್ಚಿ, ಹೋಲಿಸಿ ನೋಡಿ, ಹಳೆಯ ಜೆಪೆಗನ್ನು ಅಳಿಸಬಹುದು. ಚಿತ್ರ ತೆಗೆದಾಯಿತೆಂದು ಗರಿಗೆ ಎಣ್ಣೆ ಸವರುವುದನ್ನು ನಿಲ್ಲಿಸುವಂತಿಲ್ಲ.