ಅಂಚೆ ಡಬ್ಬಿಯ ಮೇಲೆ ಹೆಸರು

ಹುಬ್ಬಳ್ಳಿ–ಗದಗ ರಸ್ತೆಯ ಶಿರಗುಪ್ಪಿ ಸೀಮೆಯಲ್ಲಿ ಹಿಂಗಾರಿ ಕಡಲೆ, ಬಿಳಿಜೋಳದ ಬಿತ್ತನೆ ನಡೆಯುವ ಹೊತ್ತಿಗೆ ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಚಳಿಗಾಲದ ಸೆಮಿಸ್ಟರ್ ಶುರುವಾಗುತ್ತದೆ. ನಮ್ಮ ಕಡೆಯ ಹುಡುಗ ಹುಡುಗಿಯರೂ ಈಗ ಅಲ್ಲಿಗೆ ಓದಲು ಹೊರಡುತ್ತಿದ್ದಾರೆ. ಸಾಲ, ವೀಸಾ, ಟಿಕೆಟ್ಟಿನ ವಿಚಾರ ಮನೆಮಂದಿಯೆಲ್ಲ ಕೂತು ಮಾತಾಡುತ್ತಾರೆ. ಅಲ್ಲಿ ಇಳಿದ ಮೇಲೆ ಮನೆ ಹೂಡುವುದು ಹೇಗೆ ಎಂಬ ಮಾತು ಮಾತ್ರ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಡುವಲ್ಲಿಗೆ ಮುಗಿದುಬಿಡುತ್ತದೆ.

ರೊಟ್ಟಿ ಕಟ್ಟಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಓದಲು ಊರು ಬಿಡುವುದು ನಮ್ಮವರಿಗೆ ಹೊಸದಲ್ಲ; ಹಿಂದಿನವರು ಅದನ್ನು ಹೇಗೆ ಮಾಡಿದರು ಎಂಬುದನ್ನೂ ನೆನೆಯಬೇಕು. ಹಳ್ಳಿಯ ಹುಡುಗರು ಧಾರವಾಡದಲ್ಲಿ ಖೋಲಿ ಹಿಡಿದು, ಊರಿನ ಬಸ್ಸಿಗೆ ಬರುವ ಬುತ್ತಿ ಉಂಡು ಓದಿದರು. ಖೋಲಿಗೂ ದುಡ್ಡಿಲ್ಲದವರಿಗೆ ಮುರುಘಾಮಠದ ಪ್ರಸಾದ ನಿಲಯವಿತ್ತು. ಅಲ್ಲಿ ಅನ್ನದ ಜೊತೆ ಶಿಸ್ತೂ ಇತ್ತು. ಹತ್ತಾರು ಊರಿನವರ ಜೊತೆ ಒಂದೇ ಸೂರಿನಡಿ ಬಾಳಲು ಕಲಿತವನಿಗೆ ಧಾರವಾಡ ಎರಡನೆಯ ಊರಾಯಿತು. ಬುತ್ತಿ ಹೊಟ್ಟೆ ತುಂಬಿಸಿತು, ಊರಾಗಿಸಿದ್ದು ಆ ಒಡನಾಟ.

ಜರ್ಮನಿಯಲ್ಲೂ ಹಾಗೆಯೇ; ಆದರೆ ಒಡನಾಟಕ್ಕೂ ಮೊದಲು ಕಾಗದಪತ್ರದ ಕೆಲಸವಿದೆ. ಮನೆ ಸೇರಿದ ಎರಡು ವಾರದೊಳಗೆ ಸ್ಥಳೀಯ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಮಾಲೀಕರ ಸಹಿಯ ಪತ್ರ ಬೇಕು. ತೆರಿಗೆ ಸಂಖ್ಯೆ ಬರುವುದು, ನಿವಾಸ ಪರವಾನಗಿಯ ಕೆಲಸ ಮುಂದುವರಿಯುವುದು ಆಮೇಲೆ. ಅಂಚೆ ಡಬ್ಬಿಯ ಮೇಲೆ ನಿಮ್ಮ ಹೆಸರಿಲ್ಲದಿದ್ದರೆ ಬ್ಯಾಂಕಿನ ಕಾರ್ಡೂ ವಿಮೆಯ ಕಾಗದವೂ ವಾಪಸು ಹೋಗುತ್ತವೆ. ಹಾಗಾಗಿ ಪೆಟ್ಟಿಗೆ ಬಿಚ್ಚುವ ಮೊದಲೇ ಡಬ್ಬಿಗೆ ಹೆಸರು ಅಂಟಿಸಬೇಕು. ಎಷ್ಟೋ ಮನೆಗಳನ್ನು ಅಡುಗೆಕಟ್ಟೆಯೂ ದೀಪವೂ ಇಲ್ಲದೆ ಖಾಲಿ ಗೋಡೆಯಾಗಿಯೇ ಕೊಡುತ್ತಾರೆ, ಬಾಡಿಗೆ ಒಪ್ಪುವ ಮೊದಲು ಅದನ್ನು ಕೇಳಿಕೊಳ್ಳಬೇಕು. ಡಿಪಾಸಿಟ್ ಮೂರು ತಿಂಗಳ ಮೂಲ ಬಾಡಿಗೆಯನ್ನು ಮೀರುವಂತಿಲ್ಲ. ಅದನ್ನೂ ಮೂರು ಕಂತಿನಲ್ಲಿ ಕೊಡುವ ಹಕ್ಕು ಬಾಡಿಗೆದಾರನಿಗೆ ಕಾನೂನಿನಲ್ಲೇ ಇದೆ. 2024ರ ಸೆಪ್ಟೆಂಬರಿನಿಂದ ವೀಸಾಕ್ಕಾಗಿ ವರ್ಷಕ್ಕೆ 11,904 ಯೂರೋ ಖಾತೆಯಲ್ಲಿ ತೋರಿಸಬೇಕಾಗಿದೆ. ಆ ಖಾತೆಯಿಂದ ತಿಂಗಳಿಗೆ ಕೈಗೆ ಬರುವುದು 992 ಯೂರೋ. ಹೊಲದ ಮೇಲೆ ಸಾಲ ತೆಗೆದ ಮನೆಗೆ ಡಿಪಾಸಿಟ್ಟನ್ನು ಕಂತಿನಲ್ಲಿ ಕೊಡುವ ಹಕ್ಕು ಸಣ್ಣದಲ್ಲ. ಖೋಲಿ ನೋಡದೆ, ಮಾಲೀಕ ಯಾರೆಂದು ತಿಳಿಯದೆ ಇಲ್ಲಿಂದಲೇ ಹಣ ಕಳಿಸುವುದು ಮಾತ್ರ ಬೇಡವೇ ಬೇಡ.

ಇನ್ನು ಮನೆಯೊಳಗಿನ ರೀತಿ. ರಾತ್ರಿ ಹತ್ತರ ಮೇಲೆ ಸದ್ದು ಮಾಡಬಾರದು. ಕಸವನ್ನು ಬೇರೆ ಬೇರೆ ಡಬ್ಬಿಗೆ ಹಾಕಬೇಕು. ನಾಲ್ವರು ಹಂಚಿಕೊಂಡ ಮನೆಯಲ್ಲಿ ಬಚ್ಚಲು ತೊಳೆಯುವ ಪಾಳಿ ಗೋಡೆಯ ಮೇಲೆ ಬರೆದಿರುತ್ತದೆ. ಕೊರೆಯುವ ಚಳಿಯಲ್ಲೂ ದಿನಕ್ಕೆ ಕೆಲವು ಸಲ ಕಿಟಕಿ ಪೂರ್ತಿ ತೆರೆದು ಗಾಳಿಯಾಡಿಸಬೇಕು, ಇಲ್ಲವಾದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ. ನಮ್ಮ ಮಕ್ಕಳಿಗೆ ಇವು ಮೊದಮೊದಲು ಕಿರಿಕಿರಿ ಅನ್ನಿಸುತ್ತವೆ. ಆದರೆ ತನ್ನ ಪಾಳಿಯ ದಿನ ತಪ್ಪದೆ ಬಚ್ಚಲು ತೊಳೆದವನನ್ನು ಆ ಮನೆಯವರು ಬೇಗ ತಮ್ಮವನೆಂದು ಒಪ್ಪುತ್ತಾರೆ. ಒಗ್ಗರಣೆಯ ಘಾಟು ಹಬ್ಬುವ ಮೊದಲೇ ಒಂದು ಮಾತು ಹೇಳಿ, ಆಮೇಲೆ ಒಂದು ತಾಟು ಅನ್ನ–ಸಾರು ಅವರ ಮುಂದಿಟ್ಟರೆ ಅರ್ಧ ಪರಿಚಯ ಅಲ್ಲೇ ಆಗಿಹೋಗುತ್ತದೆ.

ಓದಲು ವಿದೇಶಕ್ಕೆ ಹೋಗುವುದೂ ನಮ್ಮವರಿಗೆ ಹೊಸದಲ್ಲ. ಸವಣೂರಿನ ಕವಿ ವಿ.ಕೃ. ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಹೋದರು. ಗೋಕಾಕ ತಾಲ್ಲೂಕಿನ ಮಮದಾಪುರದ ಡಿ.ಸಿ. ಪಾವಟೆಯವರು ಅದಕ್ಕೂ ಮೊದಲೇ ಗಣಿತ ಓದಲು ಕೇಂಬ್ರಿಜ್ ಸೇರಿದ್ದರು, ಮುಂದೆ ಕರ್ನಾಟಕ ವಿಶ್ವವಿದ್ಯಾಲಯವನ್ನು ಕಟ್ಟಿ ಬೆಳೆಸಿದರು. ಮನೆಯ ಕಾಗದಕ್ಕೆ ವಾರಗಟ್ಟಲೆ ಕಾಯಬೇಕಾಗಿದ್ದ ಕಾಲ ಅದು. ಆ ಒಂಟಿತನ ಯಾರಿಗೂ ಬೇಡ, ಅದನ್ನು ನಾನು ಹೊಗಳುವುದಿಲ್ಲ. ಆದರೂ ಸುತ್ತಲಿನ ಜನರೊಡನೆ ಬೆರೆಯದೆ ಅವರಿಗೆ ಬೇರೆ ದಾರಿ ಇರಲಿಲ್ಲ. ಇಂದು ಕೈಯಲ್ಲಿ ಫೋನಿದೆ; ಶಿರಗುಪ್ಪಿಗೂ ಜರ್ಮನಿಗೂ ಚಳಿಗಾಲದಲ್ಲಿ ಇರುವುದು ಗಡಿಯಾರದ ನಾಲ್ಕೂವರೆ ತಾಸಿನ ಅಂತರವಷ್ಟೆ. ಡಿಸೆಂಬರಿನಲ್ಲಿ ಅಲ್ಲಿ ಸಂಜೆ ನಾಲ್ಕರ ಸುಮಾರಿಗೇ ಕತ್ತಲಾಗುತ್ತದೆ. ಆ ಕತ್ತಲಲ್ಲಿ ಬಾಗಿಲು ಹಾಕಿಕೊಂಡು ಊರಿನ ಜಾತ್ರೆ, ಮದುವೆ, ಜಗಳ ಎಲ್ಲವನ್ನೂ ಫೋನಿನಲ್ಲೇ ನೋಡುತ್ತ ಕೂರುವ ಮಗು ಎರಡೂ ಕಡೆ ಪೂರ್ತಿ ಇರುವುದಿಲ್ಲ. ಇದರಲ್ಲಿ ಹೆಚ್ಚಿನ ಹೊಣೆ ನಮ್ಮದೇ. ದಿನಕ್ಕೆ ಮೂರು ಸಲ ಕರೆ ಮಾಡಿ, ಮನೆಯ ಚಿಂತೆಯನ್ನೆಲ್ಲ ಅವರ ಕಿವಿಗೆ ತುಂಬುವವರು ನಾವು.

ಮಕ್ಕಳನ್ನು ಕಳಿಸಿದ ತಾಯಿ ತಂದೆಯರಲ್ಲಿ ಒಂದು ಬಿನ್ನಹ. "ಊಟಾ ಆತೇನಪಾ?" ಎಂದು ಖಂಡಿತ ಕೇಳಿ. ಜೊತೆಗೆ ಪಕ್ಕದ ಖೋಲಿಯವರು ಯಾರು, ಯಾವ ಊರಿನವರು, ಅವರ ಜೊತೆ ಈ ವಾರ ಏನು ಮಾತಾಡಿದೆ ಎಂದೂ ಕೇಳಿ. ಉತ್ತರ ಬರದಿದ್ದರೆ ಕರೆಯನ್ನು ಬೇಗ ಮುಗಿಸಿ, ಎದ್ದು ಹೋಗಿ ಅವರ ಬಾಗಿಲು ತಟ್ಟಲು ಹೇಳಿ.