ಮೂಲೆಯ ಮೋಡೆಮ್, ಊರಿನ ಹೊಣೆ

ಹಳೆಯ ಫೋನ್ ಮಾರುವ ಮುನ್ನ ನಾವು ಹತ್ತು ಸಲ ಯೋಚಿಸುತ್ತೇವೆ. ಫೋಟೊ ಅಳಿಸಿದೆವೇ, ಬ್ಯಾಂಕಿನ ಆ್ಯಪ್ ತೆಗೆದೆವೇ ಎಂದು ನೋಡಿಕೊಳ್ಳುತ್ತೇವೆ. ಹಳೆಯ ಮೋಡೆಮ್ ವಿಷಯದಲ್ಲಿ ಈ ಎಚ್ಚರ ಇರುವುದಿಲ್ಲ. ಮನೆ ಬದಲಾಯಿಸುವಾಗ ವೈರು ಕಿತ್ತು ಕಂಪನಿಯವರ ಕೈಗೆ ಕೊಟ್ಟುಬಿಡುತ್ತೇವೆ, ಇಲ್ಲವೇ ಗುಜರಿಗೆ ಹಾಕುತ್ತೇವೆ. ಅದರಲ್ಲಿ ಏನಿರುತ್ತದೆ ಎಂಬ ಉದಾಸೀನ ಒಂದು ಕಡೆ. ವೈರಸ್ ಬರುವುದೇನಿದ್ದರೂ ಕಂಪ್ಯೂಟರಿಗೆ ಎಂಬ ನಂಬಿಕೆ ಇನ್ನೊಂದು ಕಡೆ. ಈ ಎರಡನ್ನೂ ತಿದ್ದಿಕೊಳ್ಳುವ ಕಾಲ ಬಂದು ಬಹಳ ದಿನಗಳಾದವು.

ಮೋಡೆಮ್ ಕೂಡ ಒಂದು ಕಂಪ್ಯೂಟರೇ. ಅದರೊಳಗೆ ಪ್ರೊಸೆಸರ್ ಇದೆ, ಮೆಮೊರಿ ಇದೆ. ಹೆಚ್ಚಿನ ಮಾದರಿಗಳಲ್ಲಿ ಲಿನಕ್ಸ್ ಕೆಲಸ ಮಾಡುತ್ತಿರುತ್ತದೆ. ಆದರೆ ನೆನಪಿನ ಜಾಗ ತೀರಾ ಚಿಕ್ಕದು. ಎಷ್ಟೋ ಮಾದರಿಗಳಲ್ಲಿ ಇರುವುದು 16 ಎಂಬಿಯಷ್ಟು, ಅಂದರೆ ಫೋನಿನಲ್ಲಿ ತೆಗೆದ ನಾಲ್ಕೈದು ಫೋಟೊಗಳಿಗೆ ಸಾಕಾಗುವಷ್ಟು. ಆದ್ದರಿಂದ ನೀವು ನೋಡಿದ ಸಿನಿಮಾ, ಕಳಿಸಿದ ಸಂದೇಶ, ಮಗಳ ಮದುವೆಯ ವಿಡಿಯೊ ಯಾವುದೂ ಅಲ್ಲಿ ಉಳಿಯುವುದಿಲ್ಲ. ಬಂದದ್ದೆಲ್ಲ ಹಾಗೆಯೇ ದಾಟಿ ಹೋಗುತ್ತದೆ. ಉಳಿಯುವುದು ಬೇರೆ: ವೈಫೈ ಹೆಸರು, ಅದರ ಪಾಸ್‌ವರ್ಡ್, ಎಷ್ಟೋ ಕಡೆ ಇಂಟರ್‌ನೆಟ್ ಕಂಪನಿ ನಿಮಗೆ ಕೊಟ್ಟ ಲಾಗಿನ್, ಮನೆಯಲ್ಲಿ ಯಾವ ಯಾವ ಫೋನು, ಟಿವಿ ಸೇರಿಕೊಂಡಿವೆ ಎಂಬ ಪಟ್ಟಿ. ಲೆಕ್ಕಕ್ಕೆ ಸಣ್ಣದಾದರೂ ಮನೆಯ ಜಾಲದೊಳಕ್ಕೆ ಬರಲು ಬೇಕಾದದ್ದೆಲ್ಲ ಅಲ್ಲೇ ಇದೆ. ಕೈಬಿಡುವ ಮುನ್ನ ಹಿಂಬದಿಯ ಪುಟ್ಟ ತೂತಿನಲ್ಲಿರುವ ರಿಸೆಟ್ ಗುಂಡಿಯನ್ನು ಪಿನ್ನಿನಿಂದ ಹತ್ತು ಹದಿನೈದು ಸೆಕೆಂಡು ಒತ್ತಿ ಹಿಡಿದರೆ, ಸಾಮಾನ್ಯವಾಗಿ ಈ ವಿವರಗಳು ಅಳಿಸಿಹೋಗುತ್ತವೆ.

ವೈರಸ್ಸಿನ ಮಾತು ಇದಕ್ಕಿಂತ ಗಂಭೀರ. ಮೋಡೆಮನ್ನು ಒಮ್ಮೆ ತಿರುಗಿಸಿ ತಳಭಾಗದ ಚೀಟಿ ನೋಡಿ. ಇರುವೆಗಾತ್ರದ ಅಕ್ಷರಗಳಲ್ಲಿ ವೈಫೈ ಹೆಸರು, ಪಾಸ್‌ವರ್ಡ್ ಇರುತ್ತವೆ. ಅದರ ಕೆಳಗೆ 192.168.1.1 ಎಂಬಂಥ ಒಂದು ವಿಳಾಸ. ಅದೇ ಸೆಟ್ಟಿಂಗ್ಸ್ ಪುಟದ ಬಾಗಿಲು. ಆ ಬಾಗಿಲಿಗೆ ಬೇರೆಯೇ ಹೆಸರು, ಬೇರೆಯೇ ಪಾಸ್‌ವರ್ಡ್. ಹಳೆಯ ಮೋಡೆಮ್‌ಗಳಲ್ಲಿ ಎರಡೂ ಕಡೆ ‘ಅಡ್ಮಿನ್’ ಎಂದೇ ಇರುತ್ತಿತ್ತು. ವೈಫೈ ಪಾಸ್‌ವರ್ಡನ್ನು ಜೋಪಾನ ಮಾಡುವ ನಾವು ಈ ಎರಡನೆಯದನ್ನು ನೋಡಿರುವುದೇ ಇಲ್ಲ.

ಇದರ ಬೆಲೆಯನ್ನು ಕರ್ನಾಟಕ ತೆತ್ತಿದೆ. 2017ರ ಜುಲೈನಲ್ಲಿ ಬಿಎಸ್‌ಎನ್‌ಎಲ್‌ನ ಕರ್ನಾಟಕ ವಲಯದ ಬ್ರಾಡ್‌ಬ್ಯಾಂಡ್ ಗ್ರಾಹಕರ ಮೋಡೆಮ್‌ಗಳ ಮೇಲೆ ಕುತಂತ್ರಾಂಶವೊಂದು ಎರಗಿತು. ಕಂಪನಿಯಿಂದ ಬಂದ ಪಾಸ್‌ವರ್ಡನ್ನು ಬದಲಾಯಿಸದೆ ಬಿಟ್ಟಿದ್ದ ಮೋಡೆಮ್‌ಗಳು ಸುಲಭವಾಗಿ ಬಲಿಯಾದವು. ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂದು ಸಂಸ್ಥೆ ಗ್ರಾಹಕರನ್ನು ಕೇಳಿಕೊಂಡಿತು. ಬ್ರಿಕರ್‌ಬಾಟ್ ಎಂಬ ಕುತಂತ್ರಾಂಶವನ್ನು ಬರೆದವನು ಇದು ತನ್ನದೇ ಕೆಲಸ ಎಂದು ಹೇಳಿಕೊಂಡ. ಒಳಗಿನ ಮೆಮೊರಿಯನ್ನು ಕೆಡಿಸಿ ಯಂತ್ರವನ್ನೇ ನಿಷ್ಪ್ರಯೋಜಕ ಮಾಡುವುದು ಅದರ ರೀತಿ.

ಬ್ರೆಜಿಲ್‌ನಲ್ಲಿ 2011ರಿಂದ ನಡೆದದ್ದು ಇನ್ನೂ ನಾಜೂಕಿನ ಮೋಸ. ಅಲ್ಲಿ 45 ಲಕ್ಷ ಮೋಡೆಮ್‌ಗಳೊಳಗೆ ಕಳ್ಳರು ನುಗ್ಗಿ ಡಿಎನ್‌ಎಸ್ ಎಂಬ ಒಂದು ಸೆಟ್ಟಿಂಗ್ ಬದಲಿಸಿದರು. ಯಾವ ಹೆಸರು ಟೈಪ್ ಮಾಡಿದರೆ ಯಾವ ಸರ್ವರ್‌ಗೆ ಹೋಗಬೇಕು ಎಂದು ದಾರಿ ಹೇಳುವುದು ಇದೇ ಸೆಟ್ಟಿಂಗ್. ಜನ ಸರಿಯಾದ ವಿಳಾಸವನ್ನೇ ಟೈಪ್ ಮಾಡಿದರೂ ತಲುಪುತ್ತಿದ್ದದ್ದು ನಕಲಿ ಪುಟಕ್ಕೆ. ಮೋಡೆಮ್‌ಗೆಂದು ಬರೆದ ವೈರಸ್ ಸಾಮಾನ್ಯವಾಗಿ ನಿಮ್ಮ ಲ್ಯಾಪ್‌ಟಾಪಿನಲ್ಲಿ ಓಡುವುದಿಲ್ಲ, ನಿಜ. ಆದರೆ ದಾರಿ ತಪ್ಪಿಸುವ ಶಕ್ತಿ ಅದಕ್ಕಿದೆ. ಹಾಗೆ ತಲುಪಿದ ಪುಟ ಲ್ಯಾಪ್‌ಟಾಪಿಗೆ ಬೇರೆ ವೈರಸ್ ಇಳಿಸಬಲ್ಲದು, ಬ್ಯಾಂಕಿನ ಗುಟ್ಟು ಕದಿಯಬಲ್ಲದು. ಮೋಡೆಮ್ ವೈರಸ್ ಹರಡುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ.

ನನ್ನನ್ನು ಹೆಚ್ಚು ಕಾಡುವುದು ಮಾತ್ರ ಬೇರೆಯವರಿಗೆ ಆಗುವ ಹಾನಿ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಅರವತ್ತು ಚಿಲ್ಲರೆ ಸಿದ್ಧ ಲಾಗಿನ್‌ಗಳ ಪಟ್ಟಿ ಹಿಡಿದು ಲೋಕವೆಲ್ಲ ಸುತ್ತಿತು. ತೆರೆದುಕೊಂಡ ಪ್ರತಿಯೊಂದು ರೂಟರ್, ಪ್ರತಿಯೊಂದು ಸಿಸಿಟಿವಿ ಕ್ಯಾಮೆರಾ ಅದರ ಸೈನಿಕನಾಯಿತು. ಆ ವರ್ಷ ಅಕ್ಟೋಬರ್ 21ರಂದು ಅವುಗಳಲ್ಲಿ ಎಷ್ಟೋ ಒಟ್ಟಾಗಿ, ಡಿಎನ್‌ಎಸ್ ಸೇವೆ ಕೊಡುತ್ತಿದ್ದ ಡೈನ್ ಎಂಬ ಕಂಪನಿಯ ಮೇಲೆ ಬಿದ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಅಮೆರಿಕದ ಎಷ್ಟೋ ಕಡೆ ಗಂಟೆಗಟ್ಟಲೆ ಸಿಗಲಿಲ್ಲ. ದಾಳಿಗೆ ಬಳಕೆಯಾದ ಯಂತ್ರಗಳ ಮಾಲೀಕರಿಗೆ ಏನೂ ಗೊತ್ತಾಗಿರಲಿಕ್ಕಿಲ್ಲ. ಅವರ ಮನೆಯಲ್ಲಿ ಎಲ್ಲ ಎಂದಿನಂತೆಯೇ ಇತ್ತು. ನಮ್ಮ ತೊಟ್ಟಿಯ ನಿಂತ ನೀರಿನಲ್ಲಿ ಹುಟ್ಟಿದ ಸೊಳ್ಳೆ ಪಕ್ಕದ ಮನೆಯ ಮಗುವಿಗೆ ಡೆಂಗಿ ತರುತ್ತದಲ್ಲ, ಇದೂ ಅದೇ ರೀತಿ.

ಆಫ್ ಮಾಡಿ ಆನ್ ಮಾಡಿದರೆ ಹೋಗುವುದಿಲ್ಲವೇ? ಮಿರಾಯ್ ಹಾಗೆ ಹೋಗುತ್ತಿತ್ತು. ಆದರೆ ಪಾಸ್‌ವರ್ಡ್ ಹಳೆಯದೇ ಇದ್ದರೆ ಕೆಲವೇ ನಿಮಿಷಗಳಲ್ಲಿ ಮರಳಿ ಬರುತ್ತಿತ್ತು. 2018ರ ಮೇ ತಿಂಗಳಲ್ಲಿ ಬೆಳಕಿಗೆ ಬಂದ ವಿಪಿಎನ್‌ಫಿಲ್ಟರ್ ಎಂಬ ಕುತಂತ್ರಾಂಶ 54 ದೇಶಗಳಲ್ಲಿ ಕನಿಷ್ಠ 5 ಲಕ್ಷ ಉಪಕರಣಗಳಲ್ಲಿ ಬೇರೂರಿತ್ತು. ರೂಟರ್‌ಗಳನ್ನು ರೀಬೂಟ್ ಮಾಡಿ ಎಂದು ಅಮೆರಿಕದ ಎಫ್‌ಬಿಐ ಸಾರ್ವಜನಿಕರಿಗೆ ಕರೆ ಕೊಟ್ಟಿತು. ಆದರೂ ಅದರ ಮೊದಲ ಹಂತ ರೀಬೂಟಿಗೆ ಜಗ್ಗುವಂಥದ್ದಾಗಿರಲಿಲ್ಲ.

ಮಾಡಬೇಕಾದ್ದು ಅರ್ಧ ಗಂಟೆಯ ಕೆಲಸ. ಸೆಟ್ಟಿಂಗ್ಸ್ ಪುಟದ ಪಾಸ್‌ವರ್ಡ್ ಬದಲಿಸಿ. ಹೊರಗಿನಿಂದ ಆ ಪುಟ ತೆರೆಯುವ ಸೌಲಭ್ಯ ಆನ್ ಇದ್ದರೆ ಆಫ್ ಮಾಡಿ. ಸಾಫ್ಟ್‌ವೇರ್ ಅಪ್‌ಡೇಟ್ ಬಂದಿದ್ದರೆ ಹಾಕಿ. ಕಂಪನಿ ಅಪ್‌ಡೇಟ್ ಕೊಡುವುದನ್ನೇ ನಿಲ್ಲಿಸಿದ್ದರೆ ಹೊಸ ಮೋಡೆಮ್ ಕೇಳಿ. ತಿಳಿಯದಿದ್ದರೆ ಕನೆಕ್ಷನ್ ಕೊಡಲು ಬಂದ ಹುಡುಗನ ಕೈಯಲ್ಲೇ, ಅವನು ಹೊರಡುವ ಮುನ್ನ, ಮಾಡಿಸಿಕೊಳ್ಳಿ.

ಹೊಣೆಯನ್ನೆಲ್ಲ ಗ್ರಾಹಕರ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ, ಎಲ್ಲ ಪೆಟ್ಟಿಗೆಗೂ ಒಂದೇ ಸಿದ್ಧ ಪಾಸ್‌ವರ್ಡ್ ಹಾಕಿ ಮಾರುವುದನ್ನು ಕಾನೂನು ತಡೆದಿದೆ. ಇಂಥ ಕಟ್ಟುನಿಟ್ಟು ಎಲ್ಲ ದೇಶಗಳಲ್ಲೂ ಬರಬೇಕು. ಅಲ್ಲಿಯವರೆಗೆ ಕಾಯುತ್ತಾ ಕೂರುವ ಹಾಗಿಲ್ಲ. ನಮ್ಮ ಮನೆಯ ಯಂತ್ರ ಯಾರದೋ ಆಸ್ಪತ್ರೆಯ, ಯಾರದೋ ಬ್ಯಾಂಕಿನ ಮೇಲೆ ದಾಳಿ ಮಾಡದಂತೆ ನೋಡಿಕೊಳ್ಳುವುದು ಇಂದಿನ ನಾಗರಿಕ ಧರ್ಮ. ಅದನ್ನು ಪಾಲಿಸಲು ತಂತ್ರಜ್ಞಾನದ ಪಾಂಡಿತ್ಯ ಬೇಕಿಲ್ಲ. ಕಾಣದವರ ಬಗ್ಗೆಯೂ ಕಾಳಜಿ ಇದ್ದರೆ ಸಾಕು.