ಕಾರಣ ಸಿಕ್ಕ ಮೇಲೂ

ದಾವಣಗೆರೆಯ ಬೆಣ್ಣೆ ದೋಸೆ ಬೆಂಗಳೂರಿಗೆ ಹೋದರೆ ಯಾಕೆ ರುಚಿ ಕೆಡುತ್ತದೆ ಎಂದು ಇಲ್ಲಿ ಯಾರನ್ನಾದರೂ ಕೇಳಿ, 'ಅದು ನಮ್ಮೂರ ನೀರಿನ ಗುಣ ರೀ' ಅನ್ನುತ್ತಾರೆ. ನಾನೂ ಅನ್ನುತ್ತೇನೆ. ಆದರೆ ಆ ನೀರು ನಮ್ಮೂರದ್ದೇ ಅಲ್ಲ. ಊರಿಗೆ ನೀರು ಕೊಡುವ ಕುಂದವಾಡ ಕೆರೆ ತುಂಬುವುದು ಲಕ್ಕವಳ್ಳಿ ಅಣೆಕಟ್ಟೆಯಿಂದ ನಾಲೆಯಲ್ಲಿ ಬರುವ ಭದ್ರೆ. ಹರಿಹರದ ಕಡೆಯಿಂದ ಪಂಪಾಗಿ ಬರುವುದು ತುಂಗಭದ್ರೆ. ನನ್ನ ನಂಬಿಕೆಯ ಮೂಲ ಬೇರೆ: ಚಿಕ್ಕಂದಿನಲ್ಲಿ ಸೌದೆ ಒಲೆಯ ಹೊಗೆಗೆ ಕಣ್ಣುಜ್ಜಿಕೊಳ್ಳುತ್ತ, ಕಾವಲಿಯ ಮೇಲೆ ಬೆಣ್ಣೆ ಕರಗುವುದನ್ನೇ ನೋಡುತ್ತ ಕೂತ ಬೆಳಗುಗಳು. ಇದೆಲ್ಲ ಗೊತ್ತಾದ ಮೇಲೂ ನಾಲಿಗೆ ಹಟ ಬಿಟ್ಟಿಲ್ಲ. ಹಾಗಾದರೆ ಕಾರಣ ತಿಳಿದು ಬಂದ ಭಾಗ್ಯವೇನು?

ದೋಸೆಯ ಮಟ್ಟಿಗೆ ಏನೂ ಇಲ್ಲ. ಹರಿಹರದಲ್ಲಿ ಮಾತ್ರ ಒಂದಿಷ್ಟು ಉಪಯೋಗವಿದೆ ಅನ್ನಿಸುತ್ತದೆ.

ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಕಟ್ಟಿಸಿದ ಹರಿಹರೇಶ್ವರ ಗುಡಿಯಲ್ಲಿ ಮೂರ್ತಿ ಒಂದೇ. ಅರ್ಧ ಹರ, ಅರ್ಧ ಹರಿ. ಭಕ್ತರನ್ನು ಕೇಳಿದರೆ ಗುಹಾಸುರನ ಕಥೆ ಹೇಳುತ್ತಾರೆ: ಹರಿಯಿಂದಲೂ ಹರನಿಂದಲೂ ಸಾವು ಬಾರದಂತೆ ವರ ಪಡೆದವನನ್ನು ಮುಗಿಸಲು ಇಬ್ಬರೂ ಒಂದಾದರಂತೆ. ಓದಿದವರನ್ನು ಕೇಳಿದರೆ, ಶೈವ-ವೈಷ್ಣವರ ಜಗಳ ತಣಿಸಲು ಆ ಕಾಲದವರು ಮಾಡಿದ ರಾಜಿ ಅನ್ನುತ್ತಾರೆ. ನಮ್ಮಂಥವರಿಗೆ ಎರಡನೆಯದೇ ಒಪ್ಪಿಗೆ. ಯಾಕೆ? ಶಾಸನ ಓದಿ ತೂಗಿ ನೋಡಿಯಂತೂ ಅಲ್ಲ. ಶಾಲೆಯಲ್ಲಿ ಸಮನ್ವಯದ ಪಾಠಕ್ಕೆ ಉತ್ತರ ಬರೆದು ಅಂಕ ಗಿಟ್ಟಿಸಿದವರು ನಾವು. ಮಾತು ಕಿವಿಗೆ ಹಿತವೂ ಹೌದು. ಭಕ್ತರ ನಂಬಿಕೆ ಎಲ್ಲಿಂದ ಬಂತೆಂದು ಕೆದಕಲು ನಮಗೆ ಎಲ್ಲಿಲ್ಲದ ಹುರುಪು, ನಮ್ಮದರ ತಂಟೆಗೆ ಹೋಗುವುದಿಲ್ಲ.

ಹಿತವಾಗಿದ್ದಕ್ಕೇ ನಂಬಿದೆವು ಎಂದು ಗೊತ್ತಾದ ಮಾತ್ರಕ್ಕೆ ಅದು ಸುಳ್ಳಾಗುವುದಿಲ್ಲ. ಇನ್ನೊಮ್ಮೆ ನೋಡೋಣ ಅನ್ನಿಸುತ್ತದೆ, ಅಷ್ಟೇ. ನೋಡಹೊರಟರೆ ಬಾದಾಮಿಯ ಮೊದಲ ಗುಹೆ ಅಡ್ಡ ಬರುತ್ತದೆ. ಪೋಲಾಳ್ವನಿಗಿಂತ ಆರು ನೂರು ವರ್ಷಕ್ಕೂ ಹಿಂದೆ, ಚಾಲುಕ್ಯರ ಕಾಲದಲ್ಲೇ, ಅಲ್ಲಿ ಹರಿಹರ ನಿಂತಾಗಿದೆ: ಶಿವನ ಪಕ್ಕಕ್ಕೆ ಪಾರ್ವತಿ, ವಿಷ್ಣುವಿನ ಪಕ್ಕಕ್ಕೆ ಲಕ್ಷ್ಮಿ. ಹೊಯ್ಸಳರ ಕಾಲದ ಜಗಳ ಹರಿಹರದ ಗುಡಿಗೆ ಕಾರಣವಾಗಿರಬಹುದು; ಆ ಕಲ್ಪನೆಗೆ ಕಾರಣವಾಗಿರಲಾರದು.

ಅಲ್ಲಿಗೆ ನನ್ನ ಚರಿತ್ರೆ ಮುಗಿಯಿತು, ಬೆರಗು ಮುಗಿದಿಲ್ಲ. ಬಾದಾಮಿಯ ಶಿಲ್ಪಿ ಜಟೆ ಒಂದು ಕಡೆಗೆ, ಕಿರೀಟ ಇನ್ನೊಂದು ಕಡೆಗೆ ಎಂದು ಲೆಕ್ಕವಾಗಿ ಹಂಚಿದ್ದಾನೆ. ಮುಖವನ್ನು ಮಾತ್ರ ಹಂಚಿಲ್ಲ. ವರ, ಜಗಳ, ರಾಜಿ, ಯಾವುದರಿಂದ ಹೊರಟರೂ ಆ ಮುಖದ ತನಕ ನನಗೆ ತಲುಪಲಾಗಿಲ್ಲ. ರಾಜಿ ಮಾಡಿಕೊಂಡವರ ಮುಖವಂತೂ ಹಾಗಿರುವುದಿಲ್ಲ.